ಹುಣಸೆಹಣ್ಣು ಕಂಡ ನಾಣ್ಯಗಳು

೧೯೬೭ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು ಪಾಸು ಮಾಡಿಯೇ ಬಿಟ್ಟದ್ದು, ಫೇಲಾಗಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮವರು ಕೇಳುವ ಮೊದಲನೇ ಪ್ರಶ್ನೆಯೇ ಅದು. ಅರಸೀಕೆರೆಯಲ್ಲಿ ಅಪ್ಪನ ಸೈಕಲ್ ಅಂಗಡಿ ಮುಚ್ಚಿತು, ದೆಹಲಿಯ ಆರ್.ಕೆ.ಪುರಂನಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಸೋದರಮಾವ ಬಾ ಅಂದ, ಹೋದೆ. ಅಲ್ಲಿ ಇಲ್ಲಿ ದುಡಿದು ಕೊನೆಗೆ ಹಳೇ ದಿಲ್ಲಿಯ ಗಲ್ಲಿಯೊಂದರಲ್ಲಿ ಹಳೆಯ ನಾಣ್ಯ ಮಾರುವ ಅಂಗಡಿ ಸೇರಿದೆ. ೨೦೦೯ರಲ್ಲಿ ಬಿಡುವ ತನಕ ಬೇರೆ ಮೆಟ್ಟಿಲು ಹತ್ತಲಿಲ್ಲ.

ಈಗ ನೋಯ್ಡಾದಲ್ಲಿ ಮಗಳ ಮನೆಯಲ್ಲಿದ್ದೇನೆ. ನಮ್ಮ ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸದ ಕನ್ನಡದ ಹುಡುಗರು ಕೆಲವರಿದ್ದಾರೆ. ಅವರಲ್ಲಿ ಇಬ್ಬರು ನಾಣ್ಯದ ವ್ಯಾಪಾರಕ್ಕೆ ಇಳಿಯುತ್ತೇವೆ, ಅಂಕಲ್, ಟಿಪ್ಸ್ ಕೊಡಿ ಅಂತ ಕೇಳಿಕೊಂಡು ಬಂದರು. ಟಿಪ್ಸ್ ಕೊಡುವುದು ಹೋಟೆಲಿನಲ್ಲಿ. ನನ್ನ ಹತ್ತಿರ ಇರುವುದು ನಡೆದ ಸಂಗತಿಗಳು. ಅವನ್ನು ಬರೆದಿಡುತ್ತೇನೆ, ಬೇಕಾದ್ದು ಆರಿಸಿಕೊಳ್ಳಲಿ.

ಮೊದಲು ನನ್ನ ಯಜಮಾನರ ವಿಷಯ. ಲಾಲಾಜಿ ಅಂತ ಎಲ್ಲರೂ ಕರೆಯುತ್ತಿದ್ದರು. ಸೇರಿದ ಹೊಸದರಲ್ಲಿ ನನ್ನನ್ನು 'ಮದ್ರಾಸಿ' ಅಂದರು. ನಾನು ಮದರಾಸಿನವನಲ್ಲ, ಮೈಸೂರು ಸೀಮೆಯವನು ಅಂದೆ. "ಅಚ್ಛಾ, ಅಂದರೆ ಮದ್ರಾಸಿನ ಪಕ್ಕ," ಅಂದರು. ರಂಗಪ್ಪ ಅನ್ನುವ ಹೆಸರು ಅವರ ಬಾಯಲ್ಲಿ ನೆಟ್ಟಗೆ ಬರಲು ಬಹಳ ವರ್ಷ ಹಿಡಿಯಿತು. ಅಶೋಕನಿಂದ ಹಿಡಿದು ಮೊಗಲರ ತನಕ ಒಬ್ಬೊಬ್ಬ ರಾಜನ ಹೆಸರೂ ಬಿರುದಿನ ಸಮೇತ ಹೇಳುತ್ತಿದ್ದ ಮನುಷ್ಯ ಅವರು. ಕೆಲಸದವನ ಹೆಸರಿಗೆ ಬಿರುದು ಇರುವುದಿಲ್ಲವಲ್ಲ, ಅದಕ್ಕೇ ಕಷ್ಟವಾಗಿರಬೇಕು.

ಅವರು ಕಲಿಸಿದ ಮೊದಲ ಪಾಠ: ನಾಣ್ಯವನ್ನು ತೊಳೆಯಬೇಡ. ತಾಮ್ರದ ಮೇಲೆ ಸಾವಿರ ವರ್ಷಕ್ಕೆ ಒಂದು ಪದರ ಕೂತಿರುತ್ತದೆ, ಕಪ್ಪೋ ಹಸಿರೋ ಕಂದೋ. ಓದಿದವರು ಅದಕ್ಕೆ ಪಟೀನಾ ಅನ್ನುತ್ತಾರೆ, ಲಾಲಾಜಿ ಅದನ್ನು ನಾಣ್ಯದ ಚರ್ಮ ಅನ್ನುತ್ತಿದ್ದರು. ಚರ್ಮ ಸುಲಿದರೆ ಮನುಷ್ಯ ಬದುಕುತ್ತಾನೇನೋ? ನಾಣ್ಯವೂ ಹಾಗೆಯೇ. ಮಣ್ಣು ಮೆತ್ತಿದ್ದರೆ ಬರೀ ನೀರಿನಲ್ಲಿ ನೆನೆಸಿಡು, ಬಿದಿರಿನ ಕಡ್ಡಿಯಿಂದ ಮೆಲ್ಲಗೆ ತೆಗೆ, ಅಷ್ಟೇ. ಇದನ್ನು ನಾನು ಚೆನ್ನಾಗಿ ಕಲಿತೆ. ನಮ್ಮ ಗಲ್ಲಿಯಲ್ಲಿ ಕಡ್ಡಿ ಹಿಡಿಯುವ ಕೈ ಅಂದರೆ ರಂಗಪ್ಪನದು ಅಂತ ಬೇರೆ ಅಂಗಡಿಯವರೂ ಒಪ್ಪುತ್ತಿದ್ದರು. ಜಂಬ ಅಂದುಕೊಂಡರೂ ಸರಿ.

ಎರಡನೆಯ ಪಾಠವನ್ನು ಲಾಲಾಜಿ ಸ್ವತಃ ಕಲಿಯುವುದನ್ನು ನಾನು ನೋಡಿದೆ. ಒಂದು ದಿನ ಗಾಜಿಯಾಬಾದ್ ಕಡೆಯವನೊಬ್ಬ ಒಂದು ಬಟ್ಟೆಗಂಟು ತಂದ. ಅಜ್ಜನ ಕಾಲದ್ದು, ಮನೆ ಪಾಲಾಗುವಾಗ ನನ್ನ ಪಾಲಿಗೆ ಬಂತು ಅಂದ. ಒಳಗೆ ಬೆಳ್ಳಿಯ ನಾಣ್ಯಗಳು. ಲಾಲಾಜಿ ಒಂದನ್ನು ತೂಗಿದರು, ಅಂಚು ನೋಡಿದರು, ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು, ಸರಿಯಾಗಿದೆ ಅಂದರು. ಇನ್ನೊಂದನ್ನು ಎತ್ತಿಕೊಂಡರು, ಅದೂ ಸರಿಯಾಗಿತ್ತು. ಗಂಟು ಕೊಂಡೇಬಿಟ್ಟರು. ಸಂಜೆ ನಾನು ಎಲ್ಲವನ್ನೂ ಸಾಲಾಗಿ ಜೋಡಿಸಿದೆ. ರಾಜನ ಕಿವಿಯ ಕೆಳಗೆ ಒಂದು ಸಣ್ಣ ಗೀರು ಇತ್ತು. ಒಂದರಲ್ಲಲ್ಲ, ಎಲ್ಲದರಲ್ಲೂ, ಅದೇ ಜಾಗದಲ್ಲಿ, ಅದೇ ಉದ್ದ. ಎಲ್ಲವೂ ನಕಲಿ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಒಡಹುಟ್ಟಿದವರು. ಲಾಲಾಜಿ ಬಹಳ ಹೊತ್ತು ನೋಡಿ, "ಅಜ್ಜನ ಕಾಲದ್ದೇ ಇರಬಹುದು. ಅಜ್ಜ ಇನ್ನೂ ಬದುಕಿದ್ದಾನೆ," ಅಂದರು. ಹುಡುಗರೇ, ನಾಣ್ಯವನ್ನು ಒಂದೊಂದಾಗಿ ನೋಡಬೇಡಿ, ಸಾಲಿನಲ್ಲಿ ನೋಡಿ.

ಮೂರನೆಯದು ಅವರ ಮಗನ ಪಾಠ. ಛೋಟೇ ಲಾಲಾ ಎಂ.ಬಿ.ಎ. ಮಾಡಿ ಅಂಗಡಿಗೆ ಬಂದ. ನಾವು ನಾಣ್ಯಗಳನ್ನು ಸಣ್ಣ ಕಾಗದದ ಲಕೋಟೆಗಳಲ್ಲಿ ಇಡುತ್ತಿದ್ದೆವು; ಅದು ಅವನ ಕಣ್ಣಿಗೆ ಕಿರಾಣಿ ಅಂಗಡಿಯ ಪೊಟ್ಟಣದ ಹಾಗೆ ಕಂಡಿತು. ಗಾಜಿನ ಹಾಗೆ ಹೊಳೆಯುವ ಪ್ಲಾಸ್ಟಿಕ್ ಹಾಳೆಯ ಆಲ್ಬಂಗಳನ್ನು ತರಿಸಿ, ಕಂಪ್ಯೂಟರಿನಲ್ಲಿ ಫೋಟೋ ಹಾಕಿ ಮಾರಲು ಶುರುಮಾಡಿದ. ಮಾರಾಟ ಹೆಚ್ಚಿತು, ಸುಳ್ಳು ಹೇಳುವುದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಅಗ್ಗದ ಪ್ಲಾಸ್ಟಿಕ್ ಬೆವತು, ತಾಮ್ರದ ನಾಣ್ಯಗಳ ಮೇಲೆಲ್ಲ ಹಸಿರು ಅಂಟು ಹಿಡಿಯಿತು. ಕುಶಾನರೂ ಶಾತವಾಹನರೂ ಪುದೀನ ಚಟ್ನಿಯಲ್ಲಿ ಬಿದ್ದೆದ್ದ ಹಾಗೆ ಕಂಡರು. ಆಮೇಲೆ ಪೊಟ್ಟಣಗಳೇ ವಾಪಸು ಬಂದವು. ಈಗ ಒಳ್ಳೆಯ ಪ್ಲಾಸ್ಟಿಕ್ ಸಿಗುತ್ತದೆ, ಕೊಳ್ಳಿ. ಆದರೆ ಹೊಸ ಪ್ಲಾಸ್ಟಿಕ್ ಮೂಗಿಗೆ ವಾಸನೆ ಹೊಡೆದರೆ ನಾಣ್ಯವನ್ನು ಅದರ ಹತ್ತಿರವೂ ಬಿಡಬೇಡಿ.

ಇನ್ನು ನಾನು ನಿಜವಾಗಿ ಹೇಳಬೇಕೆಂದಿರುವುದು ರಾಯರ ಮನೆಯ ಸಂಗತಿ.

ರಾಯರು ಚಿತ್ರದುರ್ಗದವರು. ಕೇಂದ್ರ ಸರ್ಕಾರದಲ್ಲಿ ಅಧಿಕಾರಿ, ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿ ವಾಸ. ಮೊದಲ ಸಲ ಅಂಗಡಿಗೆ ಬಂದಾಗ ಹಿಂದಿಯಲ್ಲಿ ಮಾತಾಡಿಸಿದರು. ಅವರ ಹಿಂದಿ ಕೇಳಿದ ಕೂಡಲೇ ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. ಅಲ್ಲಿಂದ ಇಪ್ಪತ್ತು ವರ್ಷದ ಗೆಳೆತನ. ಬೇರೆ ಗಿರಾಕಿಗಳು ಇದೆಷ್ಟು ಅಪರೂಪ ಅಂತ ಕೇಳಿದರೆ, ರಾಯರು ಕೇಳುತ್ತಿದ್ದದ್ದು ಒಂದೇ: ಇದು ಎಲ್ಲಿಂದ ಬಂತು?

ಅವರ ಲೆಕ್ಕ ಹೀಗೆ. ಕುಶಾನ ರಾಜನ ತಾಮ್ರದ ಕಾಸು ಮಥುರೆಯಲ್ಲಿ ಸಿಕ್ಕರೆ ಅದರಲ್ಲಿ ಹೆಚ್ಚೇನಿದೆ? ಅವನ ಊರೇ ಅದು. ಅದೇ ಕಾಸು ರಾಯಚೂರಿನ ಅಜ್ಜಿಯೊಬ್ಬಳ ಎಲೆಯಡಿಕೆ ಸಂಚಿಯಲ್ಲಿ ತಲೆಮಾರುಗಳಿಂದ ಇದ್ದರೆ? ಯಾರೋ ಒಬ್ಬ ಅದನ್ನು ಸೊಂಟದಲ್ಲಿ ಕಟ್ಟಿಕೊಂಡು ಅಷ್ಟು ದೂರ ನಡೆದಿರಬೇಕು. ರಾಜನ ಹೆಸರು ನಾಣ್ಯದ ಮೇಲೆಯೇ ಇರುತ್ತದೆ, ನಡೆದವನ ದಾರಿ ಇರುವುದಿಲ್ಲ. ಆ ದಾರಿ ಗೊತ್ತಿಲ್ಲದಿದ್ದರೆ ಅದು ಬರೀ ಲೋಹದ ಚೂರು ಅನ್ನುತ್ತಿದ್ದರು. ಲಾಲಾಜಿ ಅವರಿಗೆ 'ಕಥೆಯ ಗಿರಾಕಿ' ಅಂತ ಹೆಸರಿಟ್ಟಿದ್ದರು. ಕಥೆ ತಾನೇ, ಬೇಕಾದಷ್ಟು ಹೇಳೋಣ, ಅದಕ್ಕೇನು ತೆರಿಗೆಯೇ ಅನ್ನುತ್ತಿದ್ದರು. ನಾನು ಮಾತ್ರ ಗೊತ್ತಿದ್ದರೆ ಹೇಳುತ್ತಿದ್ದೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತಿದ್ದೆ. ಗೊತ್ತಿಲ್ಲದ್ದನ್ನು ರಾಯರು ಕೊಳ್ಳುತ್ತಿರಲಿಲ್ಲ. ಅದಕ್ಕೆ ಲಾಲಾಜಿಯ ಹತ್ತಿರ ಬೈಸಿಕೊಂಡದ್ದುಂಟು.

ರಾಯರ ಮನೆಯಲ್ಲಿ ಪ್ರತಿ ನಾಣ್ಯದ ಲಕೋಟೆಯ ಮೇಲೆ ಅದು ಬಂದ ದಾರಿ ಬರೆದಿರುತ್ತಿತ್ತು. ದಾವಣಗೆರೆಯ ಅಕ್ಕಸಾಲಿಗನ ಪೆಟ್ಟಿಗೆಯಿಂದ. ಕರ್ನೂಲಿನ ಎಣ್ಣೆ ವ್ಯಾಪಾರಿ ತೂಕದ ಕಲ್ಲಾಗಿ ಇಟ್ಟುಕೊಂಡಿದ್ದದ್ದು. ಹೀಗೆ. ಬೇರೆ ಎಲ್ಲೂ ಅವರು ಬರೆದಿಡಲಿಲ್ಲ. ದಿನವೆಲ್ಲ ಫೈಲು ಬರೆಯುವವನು ಮನೆಗೆ ಬಂದು ಮತ್ತೆ ಫೈಲು ಬರೆಯಬೇಕೇ ಅನ್ನುತ್ತಿದ್ದರು. ಸರ್ಕಾರಿ ಅಧಿಕಾರಿ ಒಬ್ಬ ಒಂದೇ ಪ್ರತಿ ಇಟ್ಟುಕೊಂಡದ್ದನ್ನು ನಾನು ಕಂಡದ್ದು ಅಲ್ಲಿ ಮಾತ್ರ.

ಅವರು ನಿವೃತ್ತರಾಗುವ ವರ್ಷ, ೨೦೦೬. ಕ್ವಾರ್ಟರ್ಸ್ ಬಿಡಬೇಕು. ಸಂಗ್ರಹವನ್ನೆಲ್ಲ ತಮ್ಮ ಊರಿನ ಕಾಲೇಜಿಗೆ ಕೊಟ್ಟುಬಿಡುವುದು, ಮಕ್ಕಳು ನೋಡಿ ಕಲಿಯಲಿ ಅಂತ ನಿಶ್ಚಯ ಮಾಡಿದ್ದರು. ದೀಪಾವಳಿ ಕಳೆದ ವಾರ ಕಾಲೇಜಿನ ಇತಿಹಾಸದ ಮೇಷ್ಟ್ರು ದೆಹಲಿಗೆ ಬಂದು ತೆಗೆದುಕೊಂಡು ಹೋಗುವುದೆಂದು ಗೊತ್ತಾಗಿತ್ತು. ಕೊನೆಯ ಸರ್ಕಾರಿ ಪ್ರವಾಸ ಅಂತ ರಾಯರು ಲಖನೌಗೆ ಹೋದರು.

ಅವರ ಹೆಂಡತಿ ಶಾರದಮ್ಮ. ಆ ಕಾಲನಿಯಲ್ಲಿ ದೀಪಾವಳಿಗೆ ಎರಡು ದಿನ ಮೊದಲು, ಧನ್‌ತೇರಸ್ ದಿನ ಎಲ್ಲರೂ ಬೆಳ್ಳಿಯ ನಾಣ್ಯ ಕೊಂಡು ತರುವ ಪದ್ಧತಿ. ಪಕ್ಕದ ಮನೆಯ ಪಂಜಾಬಿ ಹೆಂಗಸು ಹೊಸ ನಾಣ್ಯ ತೋರಿಸಲು ಬಂದವರು, ಭಾಭೀಜಿ, ನಿಮ್ಮ ಮನೆಯಲ್ಲಿ ಬೀರು ತುಂಬ ನಾಣ್ಯ ಇದೆಯಂತೆ, ಪೂಜೆಗೆ ಒಂದೂ ಇಡುವುದಿಲ್ಲವಾ ಅಂದರು. ಒಂದನ್ನು ನೋಡಿ, ಇಷ್ಟು ಕರ್ರಗಾ ಅಂತಲೂ ಅಂದರು. ಕರ್ರಗೆ ಅನ್ನುವ ಮಾತನ್ನು ಯಾವ ಗೃಹಿಣಿ ತಡೆದುಕೊಳ್ಳುತ್ತಾಳೆ? ಆ ಮನೆಯಲ್ಲಿ ಅದು ಕೊನೆಯ ಲಕ್ಷ್ಮೀಪೂಜೆ ಬೇರೆ. ಶಾರದಮ್ಮ ಒಂದು ಉಂಡೆ ಹುಣಸೆಹಣ್ಣು ನೆನೆಹಾಕಿದರು. ಒಂದೊಂದೇ ಲಕೋಟೆ ಬಿಚ್ಚಿದರು, ಒಂದೊಂದೇ ನಾಣ್ಯ ತಿಕ್ಕಿದರು, ಹಿತ್ತಾಳೆಯ ತಟ್ಟೆಯಲ್ಲಿ ಜೋಡಿಸಿ ಕುಂಕುಮ ಹಚ್ಚಿದರು. ಹಳೆಯ ಲಕೋಟೆಗಳು ಕೊಳೆಯಾಗಿದ್ದವು. ಹೊಸದು ತಂದರಾಯಿತು ಅಂತ ಕಸದವನಿಗೆ ಕೊಟ್ಟರು.

ಪ್ರವಾಸ ಮುಗಿಸಿ ಬಂದ ರಾಯರು ಫೋನ್ ಮಾಡಿದರು. ಒಂದು ಸಲ ಬನ್ನಿ, ರಂಗಪ್ಪನವರೇ ಅಂದರು, ಬೇರೇನೂ ಹೇಳಲಿಲ್ಲ. ಯಾರಿಗಾದರೂ ಹುಷಾರಿಲ್ಲವೇನೋ ಅಂದುಕೊಂಡು ಓಡಿದೆ.

ತಟ್ಟೆ ಮೇಜಿನ ಮೇಲಿತ್ತು. ನೂರಕ್ಕೆ ಸ್ವಲ್ಪ ಕಡಿಮೆ ನಾಣ್ಯ, ಎಲ್ಲವೂ ಹೊಸ ಚೊಂಬಿನ ಹಾಗೆ ಥಳಥಳ. ರಾಯರು ಕುರ್ಚಿಯಲ್ಲಿ ಕೂತಿದ್ದರು. ಹೆಂಡತಿಗೆ ಒಂದು ಮಾತೂ ಬೈದಿರಲಿಲ್ಲವಂತೆ, ಅದೇ ಶಾರದಮ್ಮನಿಗೆ ಹೆಚ್ಚು ಸಿಟ್ಟು. ಅಡುಗೆಮನೆಯಲ್ಲಿ ಪಾತ್ರೆಗಳು ಬೇಕಾದ್ದಕ್ಕಿಂತ ಜೋರಾಗಿ ಸದ್ದು ಮಾಡುತ್ತಿದ್ದವು.

ಚರ್ಮ ಹೋಯಿತಲ್ಲ ಅಂದೆ. ಚರ್ಮ ಹೋದರೆ ಹೋಗಲಿ, ರಂಗಪ್ಪನವರೇ, ದಾರಿ ಹೋಯಿತು ಅಂದರು. ರಾಜರನ್ನು ಅವರು ಗುರುತಿಸಬಲ್ಲರು. ಆದರೆ ಗೂಳಿಯ ಚಿತ್ರವಿರುವ, ಒಂದೇ ತರಹದ ಬಸವನ ನಾಣ್ಯ ಹತ್ತಾರು ಇದ್ದವು. ಯಾವ ಬಸವ ದಾವಣಗೆರೆಯದು, ಯಾವುದು ಕರ್ನೂಲಿನದು? ದಾರಿ ತಿಳಿಯದ ಚೂರುಗಳನ್ನು ಕಾಲೇಜಿಗೆ ಹೇಗೆ ಕೊಡಲಿ, ಮೇಷ್ಟ್ರಿಗೆ ಬರಬೇಡಿ ಅಂತ ತಿಳಿಸಿಬಿಡುತ್ತೇನೆ ಅಂದರು.

ನಾನು ಭೂತಗನ್ನಡಿ ತೆಗೆದೆ. ಹೆಚ್ಚಿನವು ನನ್ನ ಕೈಯಿಂದಲೇ ಹೋದವು, ಕಣ್ಣುಮುಚ್ಚಿ ಹೇಳಿಬಿಡುತ್ತೇನೆ ಅಂತ ಧೈರ್ಯ. ಮೊದಲನೆಯದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಗೊತ್ತಾಗಲಿಲ್ಲ. ಎರಡನೆಯದೂ ಗೊತ್ತಾಗಲಿಲ್ಲ. ಆಗ ತಿಳಿಯಿತು: ಇಷ್ಟು ವರ್ಷ ನಾನು ನಾಣ್ಯಗಳನ್ನು ಅವುಗಳ ಬಣ್ಣದಿಂದ ಗುರುತು ಹಿಡಿಯುತ್ತಿದ್ದೆ. ಹಸಿರು ಮಚ್ಚೆಯದು, ಇಟ್ಟಿಗೆ ಬಣ್ಣದ್ದು, ಅರ್ಧ ಕಪ್ಪಿನದು. ತೊಳೆದ ಮೇಲೆ ಎಲ್ಲ ಒಂದೇ ಮದುವೆಗೆ ಹೊರಟವರ ಹಾಗೆ ಕಂಡವು.

ಅಂಗಡಿಗೆ ಬಂದು ಹೇಳಿದೆ. ಲಾಲಾಜಿಗೆ ಇದರಲ್ಲಿ ಕಷ್ಟವೇನು ಅಂತಲೇ ಅರ್ಥವಾಗಲಿಲ್ಲ. ಗಂಧಕದ ಔಷಧಿ ಹಚ್ಚಿದರೆ ಒಂದೇ ದಿನಕ್ಕೆ ಕಪ್ಪಾಗುತ್ತವೆ. ಹೊಸ ಲಕೋಟೆ ತೆಗೆದುಕೋ, ಒಂದರ ಮೇಲೆ ದಾವಣಗೆರೆ ಬರಿ, ಇನ್ನೊಂದರ ಮೇಲೆ ಕರ್ನೂಲು ಬರಿ, ಬಸವ ಬಂದು ಸುಳ್ಳು ಅನ್ನುತ್ತದೆಯೇ? ಚಲೋ, ಕೆಲಸ ಮುಗಿಸು ಅಂದರು. ಮಾರನೆಯ ದಿನ ರಾಯರ ಮನೆಗೆ ಹೋಗಿ ಅದನ್ನು ಇದ್ದದ್ದು ಇದ್ದ ಹಾಗೆ ತಿಳಿಸಿದೆ. ಅವರು ಗೋಡೆಯ ಕ್ಯಾಲೆಂಡರು ನೋಡಿದರು. ಆಸೆ ಯಾರಿಗಿಲ್ಲ, ಮೇಷ್ಟ್ರು ಬರಲು ಐದಾರು ದಿನ ಉಳಿದಿತ್ತು. ಕೊನೆಗೆ ಬೇಡ ಅನ್ನುವ ಹಾಗೆ ಕೈಯಾಡಿಸಿದರು. ನಾನು ಒಂದು ಬಸವನನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು, ಇದೂ ಗೊತ್ತಿಲ್ಲ ಅಂದೆ.

ಶಾರದಮ್ಮ ಕಾಫಿ ತಂದಿಟ್ಟರು. ನನ್ನ ಕೈಯತ್ತ ಒಂದು ಸಲ ನೋಡಿದರು.

"ಅದು ಮಿಕ್ಸಿ," ಅಂದರು.

"ಏನಮ್ಮಾ?"

"ಮಿಕ್ಸಿ ತರ್ತೀನಿ ಅಂತ ಹೋದವರು ಅದನ್ನ ತಂದರು. ಕರ್ನೂಲಿನ ಎಣ್ಣೆ ವ್ಯಾಪಾರಿದು. ಒಂದು ವರ್ಷ ಚಟ್ನಿ ಒರಳಲ್ಲಿ ರುಬ್ಬಿದ್ದೀನಿ, ನನಗೆ ಮರೆಯತ್ತಾ?"

ರಾಯರು ತಲೆಯೆತ್ತಿದರು. ನಾನು ಇನ್ನೊಂದು ಬಸವನನ್ನು ಮುಂದೆ ಹಿಡಿದೆ.

"ಇದರ ಬೆನ್ನು ಕುಸಿದಿದೆ ನೋಡಿ. ಇದು ದಾವಣಗೆರೆ ಅಕ್ಕಸಾಲಿಗಂದು. ನನ್ನ ತಂಗಿ ಮದುವೆಗೆ ಹೊರಟಾಗ ರೈಲು ತಪ್ಪಿದ್ದು ಇದರಿಂದಲೇ. ಸ್ಟೇಷನ್ನಿಗೆ ಬರೋ ಬದಲು ನಿಮ್ಮ ಅಂಗಡಿಗೆ ಬಂದಿದ್ದರು."

ಆಮೇಲೆ ಶಾರದಮ್ಮ ಕುರ್ಚಿ ಎಳೆದುಕೊಂಡು ಕೂತರು. ಸಂಗತಿ ಏನೆಂದರೆ, ರಾಯರಿಗೆ ಮೊದಲಿನಿಂದ ಕಣ್ಣು ಮಂದ. ಹೊಸ ನಾಣ್ಯ ತಂದಾಗಲೆಲ್ಲ ಹೆಂಡತಿಯನ್ನು ಕೂರಿಸಿಕೊಂಡು, ಇಲ್ಲಿ ಏನು ಕಾಣುತ್ತದೆ, ಅಲ್ಲಿ ಏನು ಕಾಣುತ್ತದೆ ಅಂತ ಕೇಳುತ್ತಿದ್ದರು, ಅದು ಬಂದ ದಾರಿಯನ್ನು ಊಟ ಮುಗಿಯುವ ತನಕ ಹೇಳುತ್ತಿದ್ದರು. ಶಾರದಮ್ಮ ಬೇಡ ಬೇಡ ಅಂದುಕೊಂಡೇ ಕೇಳಿದ್ದರು. ಬಣ್ಣ ಅವರಿಗೆ ಬರೀ ಕೊಳೆ. ಅವರು ನೋಡಿದ್ದು ಮೂತಿ, ಮುರುಕು, ಸವೆತ. ಒಂದೊಂದಕ್ಕೂ ಒಂದು ಹೆಸರಿಟ್ಟಿದ್ದರು. ಮೋಟು ಬಾಲ, ಬೋಳಾನೆ, ಚಪ್ಪಟೆ ಲಿಂಗಣ್ಣ. ಜೊತೆಗೆ ಒಂದೊಂದಕ್ಕೂ ಒಂದು ಮುನಿಸು. ಮುನಿಸಿನಷ್ಟು ಗಟ್ಟಿಯಾಗಿ ಹಿಡಿಯುವ ಅಂಟು ಯಾವುದೂ ಇಲ್ಲ.

ರಾಯಚೂರಿನ ಅಜ್ಜಿಯ ಸಂಚಿಯ ಕುಶಾನ ಕಾಸು ಬಂತು. ಅದರಲ್ಲಿ ರಾಜ ಸಣ್ಣ ಅಗ್ನಿಕುಂಡದ ಮುಂದೆ ನಿಂತು ಏನನ್ನೋ ಹಾಕುತ್ತಿರುತ್ತಾನೆ.

"ಇದು ಒಲೆ ಮುಂದೆ ನಿಂತ ಗಂಡಸು," ಅಂದರು ಶಾರದಮ್ಮ. "ಎರಡು ಸಾವಿರ ವರ್ಷಕ್ಕೆ ಒಬ್ಬ. ಇದನ್ನ ಮಾತ್ರ ನಾನೇ ಇಟ್ಟುಕೊಳ್ಳಿ ಅಂದಿದ್ದೆ, ಇವರು ನೋಡಿಯಾದರೂ ಕಲಿಯಲಿ ಅಂತ."

ರಾಯರು ನಕ್ಕರು. ಲಖನೌದಿಂದ ಬಂದ ಮೇಲೆ ಅದೇ ಮೊದಲು.

ಆದರೂ ಅವರು ಸರ್ಕಾರಿ ಮನುಷ್ಯ. ಮರುದಿನ ಎಲ್ಲವನ್ನೂ ಕಲಸಿ ಮತ್ತೆ ಕೇಳಿದರು. ಶಾರದಮ್ಮ ಹೇಳಿದ್ದನ್ನೇ ಹೇಳಿದರು. ನಾನೂ ವ್ಯಾಪಾರಿ, ಸುಮ್ಮನೆ ನಂಬುವವನಲ್ಲ. ಅಂಗಡಿಯಲ್ಲಿ ಯಾರೋ ಹಾಳುಮಾಡಿ ತಂದ, ಹೊಳೆಯುವ ನಾಣ್ಯಗಳ ಒಂದು ಡಬ್ಬಿ ಇರುತ್ತಿತ್ತು. ಅದರಿಂದ ಒಂದು ಬಸವನನ್ನು ಜೇಬಿನಲ್ಲಿ ತಂದು, ಅವರು ನೋಡದಾಗ ತಟ್ಟೆಯಲ್ಲಿ ಸೇರಿಸಿದೆ. ಶಾರದಮ್ಮ ಒಂದೊಂದಾಗಿ ಹೇಳುತ್ತಾ ಬಂದು ಅದನ್ನು ಎತ್ತಿಕೊಂಡರು, ಹೆಬ್ಬೆರಳಿನಿಂದ ಉಜ್ಜಿದರು.

"ಇದು ನಮ್ಮ ಮನೇದಲ್ಲ, ರಂಗಪ್ಪನವರೇ. ಇದನ್ನ ಬೂದಿ ಹಾಕಿ ತಿಕ್ಕಿದ್ದಾರೆ, ಗೀರು ನೋಡಿ. ನಾನು ಹುಣಸೆಹಣ್ಣು ಬಿಟ್ಟು ಇನ್ನೇನೂ ಮುಟ್ಟಿಸಿಲ್ಲ. ನಿಮ್ಮದನ್ನ ನೀವು ಜೇಬಿಗೆ ಹಾಕಿಕೊಳ್ಳಿ."

ಹಾಕಿಕೊಂಡೆ. ಭೂತಗನ್ನಡಿಯನ್ನೂ ಹಾಕಿಕೊಂಡೆ. ಗಲ್ಲಿಯಲ್ಲಿ ನನ್ನ ಕಣ್ಣಿಗೆ ಸಮ ಯಾರೂ ಇಲ್ಲ ಅಂತ ಮೂವತ್ತು ವರ್ಷ ಅಂದುಕೊಂಡಿದ್ದವನು ನಾನು. ಅದು ಗಲ್ಲಿಯ ಮಟ್ಟಿಗೆ ಈಗಲೂ ನಿಜ.

ಹೊಸ ಲಕೋಟೆಗಳಿಗೆ ರಾಯರು ತಾವೇ ಬರೆದರು. ಮೊದಲ ಸಾಲು ರಾಜನದು, ಎರಡನೆಯದು ಬಂದ ದಾರಿ, ಮೂರನೆಯದು: 'ದೀಪಾವಳಿಯಲ್ಲಿ ಹುಣಸೆಹಣ್ಣಿನಿಂದ ತೊಳೆದದ್ದು, ಗುರುತು ಹೇಳಿದವರು ಶಾರದಮ್ಮ.' ಮೇಷ್ಟ್ರು ಬಂದರು. ಒಳ್ಳೆಯವರು, ತೊಳೆದದ್ದಕ್ಕೆ ತುಸು ಮುಖ ಹುಳ್ಳಗೆ ಮಾಡಿಕೊಂಡರೂ ಎಲ್ಲವನ್ನೂ ಒಪ್ಪಿಕೊಂಡರು. ಮೂರನೆಯ ಸಾಲು ಮಾತ್ರ ಬಿಡಬಹುದಲ್ಲ ಸಾರ್, ನೋಡುವವರು ನಕ್ಕಾರು ಅಂದರು. ರಾಯರು ಬಿಡಲಿಲ್ಲ. ನಾಣ್ಯ ನಮ್ಮ ಅಡುಗೆಮನೆಯನ್ನೂ ಹಾದುಹೋಗಿದೆ, ಅದೂ ದಾರಿಯೇ, ಅದನ್ನು ಮುಚ್ಚಿದರೆ ಉಳಿದದ್ದನ್ನು ಯಾಕೆ ನಂಬಬೇಕು ಅಂದರು.

ಹನ್ನೊಂದು ನಾಣ್ಯಗಳ ದಾರಿ ಮಾತ್ರ ತಿಳಿಯಲೇ ಇಲ್ಲ. ಆ ದಿನಗಳಲ್ಲಿ ಗಂಡನ ಮೇಲೆ ಯಾವ ಮುನಿಸೂ ಇರಲಿಲ್ಲವೇನೋ, ಅದಕ್ಕೇ ನೆನಪಿಲ್ಲ ಅಂದರು ಶಾರದಮ್ಮ. ರಾಯರು ಅವನ್ನು ಕಾಲೇಜಿಗೆ ಕೊಡಲಿಲ್ಲ. ಹತ್ತನ್ನು ಶಾರದಮ್ಮ ಲಕ್ಷ್ಮೀಪೂಜೆಗೆ ಇಟ್ಟುಕೊಂಡರು. ಒಂದನ್ನು ಎಲೆಯಡಿಕೆಯ ಜೊತೆ ನನ್ನ ಕೈಗೆ ಕೊಟ್ಟರು. ನಾಣ್ಯದಂಗಡಿಯಲ್ಲಿ ದುಡಿಯುವವನು ತನಗೆಂದು ನಾಣ್ಯ ಇಟ್ಟುಕೊಳ್ಳಬಾರದು, ಅದು ನಮ್ಮ ಕಸುಬಿನ ನಿಯಮ. ಇಟ್ಟುಕೊಂಡರೆ ಒಳ್ಳೆಯದೆಲ್ಲ ಗಿರಾಕಿಗೆ ಕಾಣುವ ಮೊದಲೇ ಮನೆ ಸೇರುತ್ತದೆ. ಬೇಡ ಅಂದೆ. ತಾಂಬೂಲ ಬೇಡ ಅನ್ನುವವರನ್ನು ನಾನು ಕಂಡಿಲ್ಲ ಅಂದರು. ಲಾಲಾಜಿಯ ಮುಂದೆ ಇಟ್ಟೆ. ಅವರು ವಾಸನೆ ನೋಡಿ, ಸಾಂಬಾರಿನ ನಾಣ್ಯ, ಇದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಇಟ್ಟುಕೋ ರಂಗಪ್ಪ ಅಂದರು. ನೋಡಿ, ಆ ಹೊತ್ತಿಗೆ ಹೆಸರು ನೆಟ್ಟಗೆ ಬರುತ್ತಿತ್ತು.

ಅದಕ್ಕೂ ಒಂದು ಲಕೋಟೆ ಮಾಡಿದ್ದೇನೆ. ರಾಜ: ಸವೆದು ಹೋಗಿದ್ದಾನೆ. ಬಂದ ದಾರಿ: ಮೊದಲಿನದು ಗೊತ್ತಿಲ್ಲ, ಆರ್.ಕೆ.ಪುರಂನ ಶಾರದಮ್ಮನವರ ಅಡುಗೆಮನೆಯಿಂದ ಈಚೆಗೆ ಗೊತ್ತು.

ಕೆಲಸ ಬಿಟ್ಟು ಹೊರಡುವಾಗ ಅಂಗಡಿಯಿಂದ ತಂದದ್ದು, ಈಗ ನನ್ನ ಹತ್ತಿರ ಇರುವುದು ಇಷ್ಟು: ಭೂತಗನ್ನಡಿ ಒಂದು, ಸಣ್ಣ ತಕ್ಕಡಿ ಒಂದು, ಬಿದಿರಿನ ಕಡ್ಡಿ ನಾಲ್ಕು, ನಾಣ್ಯ ಒಂದು.